ಯಾವ ಕ್ರೆಡಿಟ್ ಕಾರ್ಡ್ ಬೆಸ್ಟ್? ಮೊದಲು ನಿಮ್ಮ ಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೀರಿ

ಕಳೆದ ವಾರದ ವಿಡಿಯೋದ ಬರಹರೂಪ ಇದು. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಮತ್ತೆ "ಲೆಕ್ಕ ಇಷ್ಟು ಬೇಗ ಹೇಳಿದ್ರೆ ಹೆಂಗೆ ಗುರು" ಅಂತ ಬೈದೋರಿಗೆ, ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ಇದರ ಕೆಳಗೆ ಯಾವ ಕಾರ್ಡಿನ "ಅಪ್ಲೈ ನೌ" ಲಿಂಕೂ ಇಲ್ಲ. ಅಂಥ ಲಿಂಕ್ ಒತ್ತಿ ನೀವು ಕಾರ್ಡ್ ತಗೊಂಡ್ರೆ ಸಾಮಾನ್ಯವಾಗಿ ವಿಡಿಯೋ ಮಾಡಿದವರಿಗೆ ಕಮಿಷನ್ ಬರುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇವತ್ತು ನಾನು ಹೇಳೋ ಮಾತಿಗೂ ಕಮಿಷನ್‌ಗೂ ಹೊಂದಾಣಿಕೆ ಆಗಲ್ಲ. ಅದಕ್ಕೇ ಕಾರ್ಡುಗಳ ಹೆಸರನ್ನೂ ಹೇಳ್ತಿಲ್ಲ. ಇವತ್ತು ಶೇ. 5 ಕ್ಯಾಶ್‌ಬ್ಯಾಕ್ ಕೊಡೋ ಕಾರ್ಡ್ ಆರು ತಿಂಗಳು ಬಿಟ್ಟು ನಿಯಮ ಬದಲಾಯಿಸುತ್ತೆ, ನೀವು ನನ್ನ ಹಳೇ ವಿಡಿಯೋ ನೋಡಿ ಮೋಸ ಹೋಗ್ತೀರಿ. ಆರಿಸೋ ವಿಧಾನ ಕಲಿತರೆ ಯಾವ ವರ್ಷ ಬೇಕಾದ್ರೂ ಉಪಯೋಗಕ್ಕೆ ಬರುತ್ತೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನನ್ನ ಚಿಕ್ಕಪ್ಪನ ಮಗ. ಎರಡು ವರ್ಷದಿಂದ ಹೈದರಾಬಾದ್‌ನಲ್ಲಿ ಕೆಲಸ. ಒಂದು ಭಾನುವಾರ ಬೆಳಗ್ಗೆ ವಾಟ್ಸಾಪ್‌ನಲ್ಲಿ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿ, "ಅಣ್ಣಾ, ಇದರಲ್ಲಿ ಯಾವುದು ಬೆಸ್ಟ್ ಹೇಳು" ಅಂದ. ನಾಲ್ಕೂ ಕಾರ್ಡ್ ನೋಡೋಕೆ ಚೆನ್ನಾಗೇ ಇದ್ವು. ನಾನು "ಮೊದಲು ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸು" ಅಂದೆ. ಅವನಿಗೆ ಸಿಟ್ಟು ಬಂತು. "ಕಾರ್ಡ್ ಕೇಳಿದ್ರೆ ನನ್ನ ಜಾತಕ ಕೇಳ್ತಿಯಲ್ಲಣ್ಣಾ" ಅಂದ. ಹೌದು, ಜಾತಕಾನೇ. ಕಾರ್ಡ್ ಹೊಂದಬೇಕಾಗಿರೋದು ನಿಮ್ಮ ಖರ್ಚಿಗೆ. ಖರ್ಚು ನೋಡದೆ ಹೊಂದಾಣಿಕೆ ಹೇಗೆ ಹೇಳೋದು?

ಅಪ್ಪನ ಉದ್ರಿ ಪುಸ್ತಕ

ದಾವಣಗೆರೆಯಲ್ಲಿ ನಮ್ಮಪ್ಪಂದು ಒಂದು ಸಣ್ಣ ಕಿರಾಣಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡು, ಗಲ್ಲಾಪೆಟ್ಟಿಗೆ ಕೆಳಗೆ ಉದ್ದನೆಯ ಉದ್ರಿ ಪುಸ್ತಕ. ಎರಡೂ ಒಟ್ಟಿಗೇ ಇದ್ವು. ಅಪ್ಪ ಹೇಳೋರು: "ಉದ್ರಿ ಗಿರಾಕಿ ಎರಡು ನಮೂನೆ. ಪಗಾರ ಆದ ದಿನ ನಮ್ಮ ಅಂಗಡಿಗೆ ಬರೋನು ಒಬ್ಬ, ಪಗಾರ ಆದ ದಿನ ಹಿಂದಿನ ಬೀದಿಯಿಂದ ಮನೆಗೆ ಹೋಗೋನು ಇನ್ನೊಬ್ಬ."

ಕ್ರೆಡಿಟ್ ಕಾರ್ಡ್ ಅಂದ್ರೆ ಅದೇ ಉದ್ರಿ ಪುಸ್ತಕ. ತಿಂಗಳೆಲ್ಲಾ ಬರೆಸೋದು, ಒಂದು ದಿನ ಮೊತ್ತ ಕೂಡಿಸಿ ಬಿಲ್ ಬರೋದು, ಅದಾದ ಮೇಲೆ ಇಷ್ಟು ದಿನದೊಳಗೆ ಕಟ್ಟೋದು. ಒಂದೇ ಒಂದು ವ್ಯತ್ಯಾಸ. ಹಿಂದಿನ ಬೀದಿಯಿಂದ ಹೋಗೋ ಗಿರಾಕಿಯಿಂದ ಅಪ್ಪನಿಗೆ ನಷ್ಟ ಆಗ್ತಿತ್ತು. ಬ್ಯಾಂಕಿಗೆ ಪೂರ್ತಿ ಕಟ್ಟದೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುವ ಗಿರಾಕಿಯಿಂದಲೇ ಒಳ್ಳೇ ಲಾಭ. ಅದಕ್ಕೇ ಅಪ್ಪ ಬೋರ್ಡ್ ಹಾಕಿದ್ರು, ಬ್ಯಾಂಕಿನವರು ಆಫೀಸ್ ಕೆಫೆಟೇರಿಯಾದಲ್ಲಿ ಸ್ಟಾಲ್ ಹಾಕ್ತಾರೆ.

ಈ ಮಾತು ನನಗೆ ಎಂಟೆಕ್‌ನಲ್ಲಿ ಗೊತ್ತಾಗಲಿಲ್ಲ. ದುಡ್ಡು ಕಳ್ಕೊಂಡ ಮೇಲೆ ಗೊತ್ತಾಯ್ತು.

ನಾನು ಎಡವಿದ್ದು

2018. ಪುಣೆಯ ಹಿಂಜವಡಿಯಲ್ಲಿ ಕೆಲಸ. ತಂಗಿ ಮದುವೆ ಗೊತ್ತಾಗಿತ್ತು. ಆಫೀಸಿನ ಸ್ಟಾಲ್‌ನಲ್ಲಿ ತಗೊಂಡಿದ್ದ ಕಾರ್ಡಿನಲ್ಲಿ 1,20,000 ರೂಪಾಯಿ ಲಿಮಿಟ್ ಇತ್ತು. ಸೀರೆ, ಪಾತ್ರೆ, ಫ್ರಿಜ್ ಅಂತ 80,000 ಉಜ್ಜಿದೆ. ಅಪ್ಪನಿಗೆ ಹೊರೆ ಆಗಬಾರದು ಅನ್ನೋ ಆಸೆ. ಮದುವೆ ಆದ ಮೇಲೆ ಕಾರ್ಡನ್ನ ಬೀರುವಿನಲ್ಲಿ ಇಟ್ಟೆ. ಇನ್ನು ತೀರಿಸಿ ಮುಗಿಸೋದು ಅಂದುಕೊಂಡೆ.

ಸ್ಟಾಲ್‌ನ ಹುಡುಗ ಅರ್ಜಿ ತುಂಬುವಾಗ ಆಟೋ ಡೆಬಿಟ್ ಅನ್ನೋ ಜಾಗದಲ್ಲಿ ಎರಡು ಚೌಕ ಇದ್ವು. ಒಂದು "ಟೋಟಲ್ ಡ್ಯೂ", ಇನ್ನೊಂದು "ಮಿನಿಮಮ್ ಡ್ಯೂ". ಅವನು ಎರಡನೇದಕ್ಕೆ ಟಿಕ್ ಹಾಕಿದ, ನಾನು ಓದದೆ ಸಹಿ ಹಾಕಿದೆ. ಪ್ರತಿ ತಿಂಗಳು ಅಕೌಂಟಿನಿಂದ ಹೆಚ್ಚೂ ಕಮ್ಮಿ 4,000 ಕಟ್ ಆಗ್ತಿತ್ತು. "ಪೇಮೆಂಟ್ ಬಂತು, ಧನ್ಯವಾದ" ಅಂತ ಎಸ್‌ಎಂಎಸ್. ಸ್ಟೇಟ್‌ಮೆಂಟ್ ಪಿಡಿಎಫ್ ತೆಗೆಯೋಕೆ ಪಾಸ್‌ವರ್ಡ್ ಹಾಕಬೇಕು ಅಂತ ಸೋಮಾರಿತನ. ಕಂತು ಹೋಗ್ತಾ ಇದೆ, 20 ತಿಂಗಳಿಗೆ ತೀರುತ್ತೆ ಅಂತ ಮನಸ್ಸಲ್ಲೇ 80 ಭಾಗಿಸು 4 ಮಾಡಿಕೊಂಡು ಕೂತಿದ್ದೆ. ಆಫೀಸಲ್ಲಿ ಜೂನಿಯರ್‌ಗಳ ಕೋಡ್‌ನಲ್ಲಿ "ಡೀಫಾಲ್ಟ್ ವ್ಯಾಲ್ಯೂ ಚೆಕ್ ಮಾಡಿದ್ರಾ" ಅಂತ ಕೇಳೋ ಮನುಷ್ಯ ನಾನು!

ಒಂಬತ್ತು ತಿಂಗಳಾದ ಮೇಲೆ ಅಪ್ಪನಿಗೆ ಎದೆನೋವು ಬಂತು. ರಾತ್ರಿ ಬಸ್ ಹತ್ತಿ ದಾವಣಗೆರೆಗೆ ಹೋದೆ. ಆಸ್ಪತ್ರೆ ಕೌಂಟರ್‌ನಲ್ಲಿ 60,000 ಅಡ್ವಾನ್ಸ್ ಕಟ್ಟಿ ಅಂದ್ರು. 36,000 ತೀರಿದೆ, ಬಾಕಿ 44,000, ಅಂದ್ರೆ ಕಾರ್ಡಿನಲ್ಲಿ 76,000 ಇದೆ ಅನ್ನೋ ಲೆಕ್ಕದಲ್ಲಿ ಧೈರ್ಯವಾಗಿ ಕಾರ್ಡ್ ಕೊಟ್ಟೆ. ಡಿಕ್ಲೈನ್ ಆಯ್ತು. ಇನ್ನೊಂದು ಸಲ ಉಜ್ಜಿದ್ರು. ಮತ್ತೆ ಡಿಕ್ಲೈನ್. ಅಮ್ಮ ಪಕ್ಕದಲ್ಲೇ ನಿಂತಿದ್ರು, ಏನೂ ಕೇಳಲಿಲ್ಲ. ಕೊನೆಗೆ ದುಡ್ಡು ಕಟ್ಟಿದ್ದು ತಂಗಿ ಗಂಡ. ಯಾರ ಮದುವೆಗೆ ಅಂತ ನಾನು ಸಾಲ ಮಾಡಿದ್ದೆನೋ ಅವನೇ.

ಅಪ್ಪ ಆರಾಮಾದ್ರು. ನಾನು ಪುಣೆಗೆ ವಾಪಸ್ ಬಂದು ಪಿಡಿಎಫ್ ತೆಗೆದೆ. ಲೆಕ್ಕ ಹೀಗಿದೆ, ದಿನದ ಲೆಕ್ಕ ಬಿಟ್ಟು ಸರಳವಾಗಿ ಹೇಳ್ತೀನಿ:

- ಬಾಕಿ 80,000. ತಿಂಗಳಿಗೆ ಶೇ. 3.5 ಬಡ್ಡಿ ಅಂದ್ರೆ 2,800.
- ಆ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ, 504. ಎರಡೂ ಸೇರಿ 3,304.
- ನಾನು ಕಟ್ಟಿದ್ದು 4,000. ಅಸಲಿಗೆ ಹೋಗಿದ್ದು 696 ರೂಪಾಯಿ.

ಇದೇ ರೀತಿ ಒಂಬತ್ತು ತಿಂಗಳು ಮುಂದುವರಿಸಿ ನೋಡಿ. ಕಟ್ಟಿದ್ದು 36,000. ಅಸಲು ಇಳಿದದ್ದು ಸುಮಾರು 7,400. ಬಾಕಿ ಇನ್ನೂ 72,600. ಲಿಮಿಟ್‌ನಲ್ಲಿ ಉಳಿದಿದ್ದು 47,400. ಹಾಗಾಗಿ 60,000 ಡಿಕ್ಲೈನ್ ಆಯ್ತು. ಮಷೀನ್ ಸರಿಯಾಗೇ ಇತ್ತು.

ಇನ್ನು ಆ 80,000 ಖರ್ಚಿಗೆ ನನಗೆ ಸಿಕ್ಕ ರಿವಾರ್ಡ್ ಪಾಯಿಂಟ್ 800. ಒಂದು ಪಾಯಿಂಟಿಗೆ 25 ಪೈಸೆ. ಅಂದ್ರೆ 200 ರೂಪಾಯಿ. ಜೊತೆಗೆ ಸ್ಟಾಲ್‌ನಲ್ಲಿ ಕೊಟ್ಟ ಒಂದು ಬ್ಯಾಗು. ಅದಕ್ಕೆ ಪ್ರತಿಯಾಗಿ ಒಂಬತ್ತು ತಿಂಗಳಿಗೆ 28,600 ರೂಪಾಯಿ ಬಡ್ಡಿ ಕಟ್ಟಿದ್ದೆ. ಆಮೇಲೆ ವರ್ಷಕ್ಕೆ ಶೇ. 13ರ ಪರ್ಸನಲ್ ಲೋನ್ ತಗೊಂಡು ಕಾರ್ಡಿನ ಬಾಕಿ ಒಂದೇ ಸಲಕ್ಕೆ ತೀರಿಸಿದೆ. ನಿಮ್ಮಲ್ಲಿ ಯಾರಾದ್ರೂ ಈಗ ಇದೇ ಸ್ಥಿತಿಯಲ್ಲಿದ್ರೆ, ಹೊಸ ಕಾರ್ಡ್ ಹುಡುಕಬೇಡಿ. ಕಡಿಮೆ ಬಡ್ಡಿ ಸಾಲಕ್ಕೆ ಬಾಕಿ ವರ್ಗಾಯಿಸಿ ಮೊದಲು ಹೊರಗೆ ಬನ್ನಿ. ಉಳಿದ ಲೇಖನ ಆಮೇಲೆ ಓದಿದ್ರೂ ನಡೆಯುತ್ತೆ.

ಮೊದಲ ಪ್ರಶ್ನೆ: ನೀವು ಯಾವ ನಮೂನೆ ಗಿರಾಕಿ?

ರಿವಾರ್ಡ್ ಸಾಮಾನ್ಯವಾಗಿ ಶೇ. 1ರಿಂದ 5ರ ಒಳಗೆ. ಬಡ್ಡಿ ತಿಂಗಳಿಗೆ ಶೇ. 3.5 ಅಂದ್ರೆ ವರ್ಷಕ್ಕೆ 42, ಮೇಲೆ ಜಿಎಸ್‌ಟಿ. ಕೆಲವು ಕಾರ್ಡ್‌ಗಳಲ್ಲಿ ತಿಂಗಳಿಗೆ 3.75. ಶೇ. 30ಕ್ಕಿಂತ ಜಾಸ್ತಿ ಬಡ್ಡಿ ಹಾಕಬಾರದು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನ ರದ್ದು ಮಾಡಿತು. ಹಾಗಾಗಿ ಆ ಮಿತಿ ನಮ್ಮನ್ನ ಕಾಪಾಡುತ್ತೆ ಅಂತ ಕಾಯೋ ಹಾಗಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬಿಲ್ ಪೂರ್ತಿ ಕಟ್ಟದೆ ಸ್ವಲ್ಪ ಉಳಿಸಿದ್ರೆ, ಬಡ್ಡಿ ಲೆಕ್ಕ ಶುರುವಾಗೋದು ಕಟ್ಟಬೇಕಾದ ಕೊನೇ ದಿನಾಂಕದಿಂದ ಅಲ್ಲ, ನೀವು ಖರ್ಚು ಮಾಡಿದ ದಿನದಿಂದ. ಬಾಕಿ ಪೂರ್ತಿ ತೀರುವ ತನಕ ಹೊಸ ಖರ್ಚಿಗೂ ಬಡ್ಡಿ ಇಲ್ಲದ ಅವಧಿ ಸಿಗಲ್ಲ. ನಾಳೆ ತಗೊಳ್ಳೋ ಹಾಲಿನ ಪ್ಯಾಕೆಟ್ಟಿಗೂ ನಾಳೆಯಿಂದಲೇ ಬಡ್ಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದ್ರೆ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ ಬೇರೆ.

ಹಾಗಾಗಿ ಕಳೆದ 12 ತಿಂಗಳಲ್ಲಿ ಯಾವುದಾದ್ರೂ ತಿಂಗಳ ಕೊನೆಗೆ ಅಕೌಂಟ್ ಖಾಲಿಯಾಗಿ ಸ್ನೇಹಿತರ ಹತ್ರ ಕೈಸಾಲ ಕೇಳಿದ್ದೀರಾ ಅಂತ ನಿಮಗೆ ನೀವೇ ಕೇಳಿಕೊಳ್ಳಿ. ಹೌದು ಅಂತಾದ್ರೆ ಸದ್ಯಕ್ಕೆ ಡೆಬಿಟ್ ಕಾರ್ಡೇ ನಿಮ್ಮ ಬೆಸ್ಟ್ ಕಾರ್ಡ್. ಇಲ್ಲ ಅಂತಾದ್ರೆ ಮುಂದೆ ಹೋಗೋಣ.

ಸ್ಟೇಟ್‌ಮೆಂಟ್ ಹರಡಿಕೊಂಡು ಕೂರೋದು

ತಮ್ಮ ಕೊನೆಗೂ ಮೂರು ತಿಂಗಳ ಸ್ಟೇಟ್‌ಮೆಂಟ್ ಕಳಿಸಿದ. ಇಬ್ಬರೂ ಸೇರಿ ಎಕ್ಸೆಲ್‌ನಲ್ಲಿ ಹಾಕಿದ್ವಿ. ಕೈಗೆ ಬರೋ ಸಂಬಳ 70,000. ತಿಂಗಳ ಸರಾಸರಿ ಹೀಗೆ ಬಂತು:

- ಫ್ಲ್ಯಾಟ್ ಬಾಡಿಗೆಯಲ್ಲಿ ಅವನ ಪಾಲು 14,000
- ಊರಿಗೆ ಅಪ್ಪ ಅಮ್ಮನಿಗೆ 15,000
- ಎಸ್‌ಐಪಿ, ಆರ್‌ಡಿ 10,000
- ಕಿರಾಣಿ, ತರಕಾರಿ, ಮೆಡಿಕಲ್ ಶಾಪ್, ಎಲ್ಲಾ ಕ್ಯೂಆರ್ ಸ್ಕ್ಯಾನ್ 5,000
- ಆನ್‌ಲೈನ್ ಶಾಪಿಂಗ್ 4,000
- ಆ್ಯಪ್‌ನಲ್ಲಿ ಊಟ ತರಿಸೋದು 3,000, ಹೋಟೆಲಿಗೆ ಹೋಗೋದು 2,000
- ಪೆಟ್ರೋಲ್ 2,000
- ಮೊಬೈಲ್, ಕರೆಂಟ್, ವೈಫೈ ಬಿಲ್ 2,000
- ಊರಿಗೆ ಹೋಗಿಬರೋ ಬಸ್ಸು, ರೈಲು ಟಿಕೆಟ್, ಆ್ಯಪ್‌ನಲ್ಲೇ ಬುಕಿಂಗ್, 2,000

ಊರು ಬಿಟ್ಟು ಬಂದಿರೋ ನಮ್ಮಂಥವರ ಖರ್ಚಿನಲ್ಲಿ ಒಂದು ವಿಶೇಷ ಇದೆ, ಈ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತೆ. ಮೊದಲ ಮೂರು ಸಾಲು ನೋಡಿ, 39,000. ಸಂಬಳದ ಅರ್ಧಕ್ಕಿಂತ ಜಾಸ್ತಿ. ಇದು ಯಾವುದೂ ಕಾರ್ಡಿಗೆ ಹೋಗೋ ಖರ್ಚಲ್ಲ. ಅಪ್ಪ ಅಮ್ಮನಿಗೆ ದುಡ್ಡು ಕಳಿಸಿದ್ರೆ ಪಾಯಿಂಟ್ ಬರಲ್ಲ. ಬಾಡಿಗೆಯನ್ನ ಕಾರ್ಡಿಂದ ಕಟ್ಟೋ ದಾರಿಗಳಿಗೆ ಬಹಳಷ್ಟು ಬ್ಯಾಂಕುಗಳು ಪಾಯಿಂಟ್ ನಿಲ್ಲಿಸಿ, ಮೇಲಿಂದ ಶೇ. 1ರ ಶುಲ್ಕ ಹಾಕಿವೆ. ಅಂದ್ರೆ 70,000 ಸಂಬಳದವನ ಕಾರ್ಡ್ ಖರ್ಚು ನಿಜಕ್ಕೂ 20,000 ಮಾತ್ರ. ಜಾಹೀರಾತಿನಲ್ಲಿ "ವರ್ಷಕ್ಕೆ 4 ಲಕ್ಷ ಖರ್ಚು ಮಾಡಿದ್ರೆ ಫೀ ಮನ್ನಾ" ಅಂತ ಓದಿದಾಗ ನಾವು ಸಂಬಳ ನೆನಪಿಸಿಕೊಂಡು "ಅಯ್ಯೋ, ಸಲೀಸು" ಅಂತೀವಿ. ತಮ್ಮನ ವರ್ಷದ ಕಾರ್ಡ್ ಖರ್ಚು 2.4 ಲಕ್ಷ. ಉಳಿದ 1.6 ಲಕ್ಷಕ್ಕೆ ಬೇಡದ ಸಾಮಾನು ತಗೊಳ್ಳಬೇಕಾಗುತ್ತೆ.

ಬ್ಯಾಂಕಿಗೆ ನಿಮ್ಮ ಖರ್ಚು ಹೇಗೆ ಕಾಣುತ್ತೆ

ನೀವು ಅಂಗಡಿಯಲ್ಲಿ ಏನು ತಗೊಂಡ್ರಿ ಅನ್ನೋದು ಬ್ಯಾಂಕಿಗೆ ಗೊತ್ತಾಗಲ್ಲ. ಅದಕ್ಕೆ ಕಾಣೋದು ಆ ಅಂಗಡಿಗೆ ಕೊಟ್ಟಿರೋ ನಾಲ್ಕು ಅಂಕಿಯ ಒಂದು ಸಂಖ್ಯೆ, ಮರ್ಚೆಂಟ್ ಕ್ಯಾಟಗರಿ ಕೋಡ್, ಚಿಕ್ಕದಾಗಿ ಎಂಸಿಸಿ. 5411 ಅಂದ್ರೆ ದಿನಸಿ ಸೂಪರ್ ಮಾರ್ಕೆಟ್, 5812 ಅಂದ್ರೆ ರೆಸ್ಟೋರೆಂಟ್, 5541 ಅಂದ್ರೆ ಪೆಟ್ರೋಲ್ ಬಂಕ್. ರಿವಾರ್ಡ್ ಸಾಫ್ಟ್‌ವೇರ್ ಮುಖ್ಯವಾಗಿ ಈ ಕೋಡ್ ನೋಡಿ ಪಾಯಿಂಟ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ದೊಡ್ಡ ಸ್ವಿಚ್ ಕೇಸ್.

ಇದರಿಂದ ಎರಡು ಪರಿಣಾಮ. ಒಂದು, ಸೂಪರ್ ಮಾರ್ಕೆಟ್ಟಲ್ಲಿ ಚಪ್ಪಲಿ ತಗೊಂಡ್ರೂ ಅದು ದಿನಸಿ ಲೆಕ್ಕ. ಎರಡು, ಪಾಯಿಂಟ್ ಸಿಗದ ಕೋಡ್‌ಗಳ ಪಟ್ಟಿ ಪ್ರತಿ ಕಾರ್ಡಿಗೂ ಇರುತ್ತೆ. ಪೆಟ್ರೋಲ್, ಬಾಡಿಗೆ, ವ್ಯಾಲೆಟ್‌ಗೆ ದುಡ್ಡು ತುಂಬೋದು, ಇಎಂಐ ಖರೀದಿ, ಬಹಳಷ್ಟು ಕಾರ್ಡುಗಳಲ್ಲಿ ಚಿನ್ನ, ವಿಮೆ, ಸರ್ಕಾರಿ ಶುಲ್ಕ, ಶಾಲಾ ಫೀ, ಕರೆಂಟ್ ಬಿಲ್ಲು ಕೂಡ ಈ ಪಟ್ಟಿಯಲ್ಲಿರುತ್ತವೆ, ಇಲ್ಲಾಂದ್ರೆ ಅವಕ್ಕೆ ಒಂದು ಮಿತಿ ಇರುತ್ತೆ. ಕಾರ್ಡಿನ ಜಾಹೀರಾತು ಪುಟ ಓದಬೇಡಿ. "ಟರ್ಮ್ಸ್ ಅಂಡ್ ಕಂಡೀಷನ್ಸ್" ಪಿಡಿಎಫ್ ತೆಗೆದು "ಎಕ್ಸ್‌ಕ್ಲೂಷನ್" ಅಂತ ಹುಡುಕಿ. ಐದು ನಿಮಿಷದ ಕೆಲಸ. ಮಗನ ಶಾಲಾ ಫೀ ಕಟ್ಟೋಕೆ ಅಂತಾನೇ ಕಾರ್ಡ್ ತಗೊಂಡು, ಆ ಫೀಗೇ ಪಾಯಿಂಟ್ ಇಲ್ಲ ಅಂತ ಆಮೇಲೆ ಗೊತ್ತಾದ ಸಹೋದ್ಯೋಗಿ ನನ್ನ ಪಕ್ಕದ ಸೀಟಲ್ಲೇ ಇದ್ದಾರೆ.

ಪೆಟ್ರೋಲ್ ಬಗ್ಗೆ ಒಂದು ಮಾತು. "ಶೇ. 1 ಫ್ಯೂಯೆಲ್ ಸರ್ಚಾರ್ಜ್ ಮನ್ನಾ" ಅಂದ್ರೆ ಲಾಭ ಅಲ್ಲ. ಕಾರ್ಡಿಂದ ಕಟ್ಟಿದ್ದಕ್ಕೆ ಹಾಕಿದ ಶೇ. 1ನ್ನ ವಾಪಸ್ ಕೊಡೋದು ಅಷ್ಟೇ. ಅದರ ಮೇಲಿನ ಜಿಎಸ್‌ಟಿ ಹಲವು ಕಾರ್ಡುಗಳಲ್ಲಿ ವಾಪಸ್ ಬರಲ್ಲ.

ಮೂರು ನಮೂನೆ ಕಾರ್ಡ್, ಒಂದು ಲೆಕ್ಕ

ಈಗ ತಮ್ಮನ ಖರ್ಚಿಗೆ ಮೂರು ಕಾರ್ಡ್ ಹಾಕಿ ನೋಡೋಣ. ಇವು ಮಾರುಕಟ್ಟೆಯಲ್ಲಿ ಸಿಗೋ ಮೂರು ನಮೂನೆ, ಅಂಕಿಗಳು ಉದಾಹರಣೆಗೆ.

ಮೊದಲನೇದು, "ಪ್ರೀಮಿಯಂ" ಟ್ರಾವೆಲ್ ಕಾರ್ಡ್. ವರ್ಷಕ್ಕೆ 2,500 ಫೀ, ಜಿಎಸ್‌ಟಿ ಸೇರಿ 2,950. 4 ಲಕ್ಷ ಖರ್ಚಿಗೆ ಮನ್ನಾ. ಪಾಯಿಂಟ್‌ಗಳನ್ನ ರೂಪಾಯಿಗೆ ಇಳಿಸಿದ್ರೆ ಶೇ. 1. ಏರ್‌ಪೋರ್ಟ್ ಲೌಂಜ್ ಉಚಿತ. ಪೆಟ್ರೋಲ್, ಬಿಲ್ಲು ಬಿಟ್ಟು, ಕ್ಯೂಆರ್ ಖರ್ಚೂ ಬಿಟ್ಟು, ಪಾಯಿಂಟ್ ಬರೋ ಖರ್ಚು ತಿಂಗಳಿಗೆ 11,000. ವರ್ಷಕ್ಕೆ 1,32,000ಕ್ಕೆ 1,320 ರೂಪಾಯಿ. ಫೀ ಕಳೆದ್ರೆ 1,630 ನಷ್ಟ. "ಲೌಂಜ್ ಇದೆಯಲ್ಲಣ್ಣಾ" ಅಂದ. "ಊರಿಗೆ ಹೋಗೋದು ಸ್ಲೀಪರ್ ಬಸ್ಸಲ್ಲಿ, ಬಸ್ ಸ್ಟ್ಯಾಂಡಲ್ಲಿ ಯಾವ ಲೌಂಜೋ?" ಅಂದೆ. ಈಗ ಬಹಳಷ್ಟು ಕಾರ್ಡುಗಳು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ರೆ ಮಾತ್ರ ಲೌಂಜ್ ಅಂತ ಷರತ್ತೂ ಹಾಕಿವೆ. ತಿಂಗಳಿಗೆ ಎರಡು ಸಲ ವಿಮಾನ ಹತ್ತೋ ಕನ್ಸಲ್ಟೆಂಟ್‌ಗೆ ಇದೇ ಕಾರ್ಡ್ ಒಳ್ಳೇದಿರಬಹುದು. ತಮ್ಮನಿಗಲ್ಲ.

ಎರಡನೇದು, ಆನ್‌ಲೈನ್ ಕ್ಯಾಶ್‌ಬ್ಯಾಕ್ ಕಾರ್ಡ್. ಫೀ 500, ವರ್ಷಕ್ಕೆ 1 ಲಕ್ಷ ಖರ್ಚಾದ್ರೆ ಮನ್ನಾ. ಆನ್‌ಲೈನ್‌ಗೆ ಶೇ. 5, ಅಂಗಡಿಗೆ ಶೇ. 1. ಶಾಪಿಂಗ್, ಊಟದ ಆ್ಯಪ್, ಟಿಕೆಟ್ ಸೇರಿ 9,000ಕ್ಕೆ 450. ಹೋಟೆಲ್ 2,000ಕ್ಕೆ 20. ತಿಂಗಳಿಗೆ 470, ವರ್ಷಕ್ಕೆ 5,640. ಇಲ್ಲಿ ನೋಡಬೇಕಾದ್ದು ತಿಂಗಳ ಮಿತಿ. "ಶೇ. 5" ಅಂತ ದಪ್ಪಕ್ಷರದಲ್ಲಿ ಇದ್ದು, "ತಿಂಗಳಿಗೆ ಗರಿಷ್ಠ 200 ರೂಪಾಯಿ" ಅಂತ ಸಣ್ಣಕ್ಷರದಲ್ಲಿದ್ರೆ ಈ ಲೆಕ್ಕವೆಲ್ಲಾ ತಲೆಕೆಳಗು.

ಮೂರನೇದು, ಯುಪಿಐಗೆ ಜೋಡಿಸೋ ರುಪೇ ಕ್ರೆಡಿಟ್ ಕಾರ್ಡ್, ಫೀ ಇಲ್ಲದ್ದು. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐ ಆ್ಯಪ್‌ಗೆ ಜೋಡಿಸಿ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಕಾರ್ಡ್ ಮಷೀನ್ ಇಲ್ಲದ ಕಿರಾಣಿ ಅಂಗಡಿ, ತರಕಾರಿ ಅಂಗಡಿಗೂ ನಡೆಯುತ್ತೆ. ಊರಲ್ಲೂ ಉಪಯೋಗಕ್ಕೆ ಬರೋದು ಇದೇ. ಆದರೆ ಅಂಗಡಿಯವರ ಕ್ಯೂಆರ್ ವ್ಯಾಪಾರದ ಹೆಸರಲ್ಲಿ ಇರಬೇಕು. ಸ್ವಂತ ಅಕೌಂಟಿನ ಕ್ಯೂಆರ್ ಅಂಟಿಸಿದ್ರೆ ಕ್ರೆಡಿಟ್ ಕಾರ್ಡ್ ಹೋಗಲ್ಲ, ಸ್ನೇಹಿತರಿಗೆ ದುಡ್ಡು ಕಳಿಸೋಕೂ ಆಗಲ್ಲ. 5,000ಕ್ಕೆ ಶೇ. 1 ಅಂದ್ರೂ ವರ್ಷಕ್ಕೆ 600.

ಎರಡು ಮತ್ತು ಮೂರು ಸೇರಿದ್ರೆ ವರ್ಷಕ್ಕೆ 6,240 ರೂಪಾಯಿ. ತಮ್ಮನಿಗೆ ಇವೆರಡು ಸಾಕು ಅಂತ ತೀರ್ಮಾನ ಆಯ್ತು. ಅವನಿಗೆ ನಿರಾಸೆ. "ಇಷ್ಟೆಲ್ಲಾ ಲೆಕ್ಕ ಹಾಕಿ ತಿಂಗಳಿಗೆ 520 ರೂಪಾಯಿನಾ?" ಅಂದ. ಹೌದು, ಅಷ್ಟೇ. ಸರಿಯಾಗಿ ಆರಿಸಿ, ಶಿಸ್ತಾಗಿ ಬಳಸಿದ್ರೆ ನಮ್ಮಂಥ ಮಧ್ಯಮ ಖರ್ಚಿನವರಿಗೆ ಕಾರ್ಡಿನಿಂದ ಸಿಗೋದು ಊರಿಗೆ ಎರಡು ಮೂರು ಸಲ ಹೋಗಿಬರೋ ಖರ್ಚು. ಅದಕ್ಕಿಂತ ಜಾಸ್ತಿ ಆಸೆ ತೋರಿಸೋರನ್ನ ನಂಬಬೇಡಿ.

ಇನ್ನೊಂದು ಕಡೆ, ಒಂದು ತಿಂಗಳು 20,000 ಬಿಲ್ ಪೂರ್ತಿ ಕಟ್ಟದೆ ಹೋದ್ರೆ, 45 ದಿನಕ್ಕೆ ಬಡ್ಡಿ ಜಿಎಸ್‌ಟಿ ಸೇರಿ ಸುಮಾರು 1,200. ಮಿನಿಮಮ್ ಕೂಡ ಕಟ್ಟದೆ ಮರೆತಿದ್ರೆ ಲೇಟ್ ಫೀ ಬೇರೆ. ವರ್ಷದಲ್ಲಿ ನಾಲ್ಕೈದು ಸಲ ಎಡವಿದ್ರೆ ಆ 6,240 ಪೂರ್ತಿ ಹೋಯ್ತು. ಹಾಗಾಗಿ ಯಾವ ಕಾರ್ಡ್ ಅನ್ನೋದಕ್ಕಿಂತ ಮುಂದಿನ ಭಾಗ ಮುಖ್ಯ.

ಕಾರ್ಡ್ ಬಂದ ದಿನ ಮಾಡಬೇಕಾದ ಮೂರು ಕೆಲಸ

ಒಂದು, ಆಟೋ ಡೆಬಿಟ್. ಸಂಬಳ ಬರೋ ಅಕೌಂಟಿನಿಂದ "ಟೋಟಲ್ ಅಮೌಂಟ್ ಡ್ಯೂ"ಗೆ ಹಾಕಿ. ಹಾಕಿದ ಮೇಲೆ ಆ್ಯಪ್‌ನಲ್ಲಿ ಇನ್ನೊಮ್ಮೆ ತೆರೆದು ಯಾವುದಕ್ಕೆ ಹಾಕಿದೆ ಅಂತ ನೋಡಿ. ನನ್ನ 28,600 ರೂಪಾಯಿಯ ಪಾಠ ಇದು, ನಿಮಗೆ ಪುಕ್ಕಟೆ.

ಎರಡು, ಬಿಲ್ಲಿಂಗ್ ದಿನಾಂಕ. ಸಂಬಳ ತಿಂಗಳ ಕೊನೇ ದಿನ ಬರುತ್ತೆ ಅಂದುಕೊಳ್ಳಿ. ಬಿಲ್ 16ಕ್ಕೆ ತಯಾರಾದ್ರೆ ಕಟ್ಟೋ ಕೊನೇ ದಿನ ಮುಂದಿನ ತಿಂಗಳು 5ರ ಆಸುಪಾಸು ಬರುತ್ತೆ. ಅಕೌಂಟಲ್ಲಿ ದುಡ್ಡಿರುತ್ತೆ. ಅದೇ ಕೊನೇ ದಿನ 25ಕ್ಕೆ ಬಂದ್ರೆ ಪ್ರತಿ ತಿಂಗಳೂ ಎದೆ ಢವಢವ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬಿಲ್ಲಿಂಗ್ ದಿನಾಂಕವನ್ನ ಕನಿಷ್ಠ ಒಂದು ಸಲವಾದ್ರೂ ಬದಲಾಯಿಸೋ ಅವಕಾಶ ಗ್ರಾಹಕರಿಗೆ ಇದೆ. ಕೇಳಿ ಬದಲಾಯಿಸಿಕೊಳ್ಳಿ. 16ರ ಬಿಲ್ ಇದ್ದಾಗ ಜನವರಿ 15ಕ್ಕೆ ಖರ್ಚು ಮಾಡಿದ್ರೆ ಫೆಬ್ರವರಿ 5ಕ್ಕೆ ಕಟ್ಟಬೇಕು, 21 ದಿನ. 17ಕ್ಕೆ ಮಾಡಿದ್ರೆ ಮಾರ್ಚ್ 5ಕ್ಕೆ, 47 ದಿನ. ಫ್ರಿಜ್, ವಾಷಿಂಗ್ ಮಷೀನ್‌ನಂಥ ದೊಡ್ಡ ಖರೀದಿ ಎರಡು ದಿನ ಮುಂದೆ ಹಾಕಿದ್ರೆ ಒಂದು ತಿಂಗಳು ಜಾಸ್ತಿ ಸಿಗುತ್ತೆ.

ಮೂರು, ವಿಳಾಸ. ನಾವು ಪಿಜಿಯಿಂದ ಫ್ಲ್ಯಾಟಿಗೆ, ಆ ಫ್ಲ್ಯಾಟಿಂದ ಇನ್ನೊಂದಕ್ಕೆ ಓಡಾಡೋ ಜನ. ಕಾರ್ಡ್ ನವೀಕರಣ ಆಗಿ ಹಳೇ ವಿಳಾಸಕ್ಕೆ ಹೋಗಿ ಬೇರೆಯವರ ಕೈ ಸೇರಬಾರದು. ಮನೆ ಬದಲಾಯಿಸಿದ ವಾರವೇ ಬ್ಯಾಂಕ್ ವಿಳಾಸ ಬದಲಾಯಿಸಿ.

ಕೇಳಿದ ಇನ್ನಷ್ಟು ಪ್ರಶ್ನೆಗಳು

*ನೋ ಕಾಸ್ಟ್ ಇಎಂಐ ನಿಜಕ್ಕೂ ಫ್ರೀನಾ?* ಪೂರ್ತಿ ಅಲ್ಲ. ಬ್ಯಾಂಕು ಬಡ್ಡಿ ಹಾಕೇ ಹಾಕುತ್ತೆ, ಅಂಗಡಿಯವರು ಅಷ್ಟೇ ಮೊತ್ತವನ್ನ ಡಿಸ್ಕೌಂಟ್ ಅಂತ ಕಳೀತಾರೆ. ಆ ಬಡ್ಡಿ ಮೇಲಿನ ಜಿಎಸ್‌ಟಿ ನಿಮ್ಮ ಜೇಬಿಂದ. ಪ್ರೊಸೆಸಿಂಗ್ ಫೀ ಇದ್ರೆ ಅದೂ ಸೇರುತ್ತೆ. ಪಾಯಿಂಟ್ ಸಾಮಾನ್ಯವಾಗಿ ಸಿಗಲ್ಲ.

*ಆನ್‌ಸೈಟ್ ಹೋಗ್ತಿದ್ದೀನಿ.* ಹಾಗಾದ್ರೆ ಫಾರೆಕ್ಸ್ ಮಾರ್ಕಪ್ ನೋಡಿ. ಬಹಳಷ್ಟು ಕಾರ್ಡುಗಳಲ್ಲಿ ಶೇ. 3.5 ಇರುತ್ತೆ, ಜಿಎಸ್‌ಟಿ ಸೇರಿ 4.13. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ. ಅಲ್ಲಿನ ಮಷೀನು "ರೂಪಾಯಿಯಲ್ಲಿ ಕಟ್ತೀರಾ?" ಅಂತ ಕೇಳಿದ್ರೆ ಬೇಡ ಅನ್ನಿ, ಆ ದೇಶದ ಕರೆನ್ಸಿಯಲ್ಲೇ ಕಟ್ಟಿ. ರೂಪಾಯಿಯಲ್ಲಿ ಅಂದ್ರೆ ಅವರು ಹಾಕಿದ್ದೇ ರೇಟು.

*ಹೆಂಡತಿಗೆ ಸಂಬಳದ ದಾಖಲೆ ಇಲ್ಲ, ಕಾರ್ಡ್ ಸಿಗುತ್ತಾ?* ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ತಗೊಳ್ಳಬಹುದು. ಸಿಬಿಲ್ ಇತಿಹಾಸವೂ ಅವರ ಹೆಸರಲ್ಲೇ ಬೆಳೆಯುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೂ ಇದೇ ಸುರಕ್ಷಿತ ಶುರು. ಲಿಮಿಟ್‌ನ ಶೇ. 30ರ ಒಳಗೆ ಬಳಸೋ ಅಭ್ಯಾಸ ಇಟ್ಟುಕೊಂಡ್ರೆ ಸ್ಕೋರಿಗೆ ಒಳ್ಳೇದು.

*ಬೇಡದ ಕಾರ್ಡ್ ಮುಚ್ಚೋಕೆ ಹೋದ್ರೆ ಸತಾಯಿಸ್ತಾರೆ.* 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದಿದ್ರೆ, ನೀವು ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ಫೋನಲ್ಲಿ ವಾದ ಮಾಡಬೇಡಿ, ಇಮೇಲ್‌ನಲ್ಲಿ ಕೇಳಿ, ದಿನಾಂಕಕ್ಕೆ ಸಾಕ್ಷಿ ಇರುತ್ತೆ. ಕೇಳದೆ ಕಾರ್ಡ್ ಕಳಿಸೋದನ್ನೂ ಅದೇ ನಿರ್ದೇಶನ ನಿಷೇಧಿಸಿದೆ. ಆದರೆ ಫೀ ಇಲ್ಲದ ನಿಮ್ಮ ಅತಿ ಹಳೇ ಕಾರ್ಡನ್ನ ಮುಚ್ಚೋಕೆ ಆತುರ ಬೇಡ. ಸಾಲದ ಇತಿಹಾಸ ಉದ್ದ ಇದ್ದಷ್ಟೂ ಸ್ಕೋರಿಗೆ ಅನುಕೂಲ.

ಮುಗಿಸೋಕೆ ಮುಂಚೆ ಅಪ್ಪನ ಬಗ್ಗೆ ಒಂದು ಮಾತು. ಈಗ ಅಂಗಡಿ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ನಡೆದದ್ದನ್ನೆಲ್ಲಾ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪುಸ್ತಕ ಯಾರ ಕೈಲಿತ್ತು?" ಅರ್ಥ ಆಗಲಿಲ್ಲ. ಆಮೇಲೆ ಅವರೇ ಹೇಳಿದ್ರು, "ಉದ್ರಿ ಬರೆಸೋ ಗಿರಾಕಿಗಳಲ್ಲಿ ಜಾಣರು ತಮ್ಮ ಮನೇಲೂ ಒಂದು ಪುಸ್ತಕ ಇಟ್ಕೊಂಡಿರ್ತಿದ್ರು. ನಮ್ಮ ಪುಸ್ತಕ ನೋಡಿ ಸಾಲ ಎಷ್ಟು ಅಂತ ತಿಳ್ಕೋತಿರಲಿಲ್ಲ."

ಈಗ ಪ್ರತಿ ತಿಂಗಳು 16ರ ರಾತ್ರಿ ಊಟ ಆದ ಮೇಲೆ ನಾನು ಸ್ಟೇಟ್‌ಮೆಂಟ್ ತೆಗೆದು ಒಂದೊಂದು ಸಾಲೂ ನೋಡ್ತೀನಿ. ಹತ್ತು ನಿಮಿಷ ಸಾಕು. ನೀವು ಇವತ್ತು ಹೊಸ ಕಾರ್ಡಿಗೆ ಅರ್ಜಿ ಹಾಕಬೇಕಾಗಿಲ್ಲ. ಇರೋ ಕಾರ್ಡಿನ ಆ್ಯಪ್ ತೆಗೆದು, ಆಟೋ ಡೆಬಿಟ್ ಯಾವ ಚೌಕದಲ್ಲಿದೆ ಅಂತ ಮಾತ್ರ ನೋಡಿ ಮಲಗಿ.